ಮಣ್ಣಿಗೆ ಹೋಗುವವರ ಟಂಟಂ

ಗೋಗಿಗೆ ಹೋಗುವ ಟಂಟಂ, ಅಂದರೆ ಸೀಟಿನ ಲೆಕ್ಕದ ಆಟೋ, ತುಂಬಿದ ಮೇಲೇ ಬಿಡುವುದು. ಶಹಾಪುರದ ಸ್ಟ್ಯಾಂಡಿನಲ್ಲಿ ಕೈಗಡಿಯಾರ ನೋಡಿ ಗಾಡಿ ಹತ್ತುವವರನ್ನು ಕಂಡರೆ ಡ್ರೈವರುಗಳಿಗೆ ನಗು ಬರುತ್ತದೆ. ನುಜ್ಹತ ಅಲ್ಲಿಗೆ ಹೊಸಬಳಲ್ಲ. ಹೈಸ್ಕೂಲಿನ ದಿನಗಳಿಂದ ಅದೇ ಸ್ಟ್ಯಾಂಡಿನಲ್ಲಿ ಹತ್ತಿ ಇಳಿದವಳು. ಆದರೂ ಇವತ್ತು ಹಿಂದಿನ ಸೀಟಿನ ಮೂಲೆಯಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಎದುರಿನ ಖಾಲಿ ಸೀಟನ್ನೇ ನೋಡುತ್ತ ಕೂತಿದ್ದಳು. ಆ ಸೀಟಿನ ರೆಕ್ಸಿನ್ ಹರಿದಿತ್ತು. ಒಳಗಿನ ಸ್ಪಂಜನ್ನು ಯಾರೋ ಬೇಸರಕ್ಕೆ ಕಿತ್ತು ಕಿತ್ತು ಗುಂಡಿ ಮಾಡಿಟ್ಟಿದ್ದರು.

ಅವಳ ತಂದೆ ಅಮೀನಸಾಬ ಅವತ್ತು ಬೆಳಿಗ್ಗೆ ಗೋಗಿಯ ಮನೆಯಲ್ಲಿ ತೀರಿಕೊಂಡಿದ್ದ. ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಜನಾಜಾ ಎತ್ತುತ್ತಾರೆ. ಎತ್ತಿದ ಮೇಲೆ ಹೆಂಗಸರು ಹಿಂದೆ ಹೋಗುವ ಹಾಗಿಲ್ಲ. ಮುಖ ನೋಡಬೇಕೆಂದರೆ ಅಷ್ಟರೊಳಗೆ ಅಂಗಳ ಮುಟ್ಟಬೇಕು. ತಮ್ಮ ಇನಾಯತ ಫೋನಿನಲ್ಲಿ ಹೇಳಿದ್ದೂ ಇಷ್ಟೇ. "ಆಪಾ, ಲಗೂ ಬಾ. ನಿನ್ನ ಸಲುವಾಗಿ ಎಷ್ಟೊತ್ತು ತಡೀತಾರೋ ಗೊತ್ತಿಲ್ಲ."

ಅವಳು "ಹೂಂ" ಎಂದಿದ್ದಳು. ಆಮೇಲೆ ಮತ್ತೆ ಕ್ಲಾಸಿಗೆ ಹೋಗಿ, ಬೋರ್ಡಿನ ಮೇಲೆ ತಾನೇ ಬರೆದಿದ್ದ ಲೆಕ್ಕವನ್ನೆಲ್ಲ ಈ ಮೂಲೆಯಿಂದ ಆ ಮೂಲೆಯವರೆಗೆ ಒರೆಸಿದಳು. ಡಸ್ಟರು ಝಾಡಿಸಿ ಮೇಜಿನ ಮೇಲಿಟ್ಟಳು. "ಊರಿಗೆ ಹೋಗಬೇಕಾಗ್ಯಾದ" ಎಂದು ಪ್ರಿನ್ಸಿಪಾಲರಿಗೆ ಹೇಳಿ ಬಂದಳು. ಯಾಕೆ ಅಂತ ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅಳು ಬಂದಿರಲಿಲ್ಲ. ದುಃಖವೂ ಆಗಿರಲಿಲ್ಲ ಅಂದರೆ ಕೇಳಿದವರು ಏನಂದಾರು? ಆದರೆ ನಿಜ ಅದೇ. ಹಲ್ಲಿನ ಡಾಕ್ಟರ್ ಸೂಜಿ ಹಾಕಿದ ಮೇಲೆ ತುಟಿ ಇದೆಯೋ ಇಲ್ಲವೋ ಗೊತ್ತಾಗದಂತೆ ಮೈಯೆಲ್ಲ ಆಗಿತ್ತು.

ಗೋಗಿಯ ಬಸ್ಸು ಆಗಲೇ ಹೋಗಿತ್ತು. ಟಂಟಂನಲ್ಲಿ ಅವಳನ್ನು ಬಿಟ್ಟರೆ ಕೊತ್ತಂಬರಿ ಚೀಲ ಕಾಲಡಿ ಇಟ್ಟುಕೊಂಡ ಬಾಲಮ್ಮ ಎಂಬ ಮುದುಕಿಯೊಬ್ಬಳಿದ್ದಳು. ಡ್ರೈವರ್ ಬಸು ಹೊರಗೆ ನಿಂತು ಎಲೆ ಹಾಕುತ್ತಿದ್ದ. ಮಧ್ಯಾಹ್ನದ ಹೊತ್ತು, ಸಂತೆಯೂ ಇಲ್ಲದ ದಿನ. ಜನ ಬರುವ ಲಕ್ಷಣವೇ ಇರಲಿಲ್ಲ.

ಮೊದಲಾಗಿದ್ದರೆ ಅವಳು ಇಷ್ಟು ಹೊತ್ತು ಕೂರಬೇಕಾಗಿರಲಿಲ್ಲ. ಮೊದಲು ಅಂದರೆ ಅಜ್ಜನ ಕಾಲದ ಮಾತಲ್ಲ, ಹೋದ ವರ್ಷ ತೊಗರಿ ಕಾಯಿ ಕಟ್ಟುವವರೆಗೂ ಆ ಸ್ಟ್ಯಾಂಡಿನಲ್ಲಿ ಒಂದು ರೂಢಿ ಇತ್ತು. ಯಾರಾದರೂ ಬಂದು "ಮಣ್ಣಿಗೆ ಹೋಗಬೇಕ್ರಿ" ಎಂದರೆ ಸಾಕು, ಮೊದಲ ನಂಬರಿನಲ್ಲಿ ನಿಂತ ಗಾಡಿ ಅಲ್ಲಿಂದಲೇ ಹೊರಡುತ್ತಿತ್ತು. ತುಂಬಲಿ ಎಂದು ಕಾಯುತ್ತಿರಲಿಲ್ಲ. ಇಬ್ಬರಿದ್ದರೆ ಇಬ್ಬರು, ಒಬ್ಬರಿದ್ದರೆ ಒಬ್ಬರು. ದಾರಿಯಲ್ಲಿ ಕೈ ಮಾಡಿದವರನ್ನೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಹಾಗೆ ಹೋಗಿ ಬಂದ ಡ್ರೈವರನಿಗೆ ಸಾಲಿನಲ್ಲಿ ನಿಲ್ಲದೆ ಮತ್ತೆ ಮೊದಲ ನಂಬರು ಸಿಗುತ್ತಿತ್ತು. ಸತ್ತವರು ಯಾರು, ಯಾವ ಜಾತಿ, ಹೂಳುತ್ತಾರೋ ಸುಡುತ್ತಾರೋ, ಒಬ್ಬರೂ ಕೇಳುತ್ತಿರಲಿಲ್ಲ. ಕೇಳಬಾರದು ಎಂದು ಯಾರೂ ನಿಯಮ ಮಾಡಿರಲಿಲ್ಲ. ಯೂನಿಯನ್ನಿನ ಬೋರ್ಡಿನ ಮೇಲೆ ಅದು ಬರೆದೂ ಇರಲಿಲ್ಲ. ಆ ಬೋರ್ಡಿನ ಮೇಲೆ ಬರೆದದ್ದು ಒಂದಾದರೂ ನಡೆಯುತ್ತಿತ್ತೇ, ಅದು ಬೇರೆ ಮಾತು.

ನುಜ್ಹತ ಸಣ್ಣವಳಿದ್ದಾಗ ಸುರಪುರದಲ್ಲಿ ಅವಳ ಅಜ್ಜಿ ಸತ್ತಿದ್ದಳು. ಆಗ ಟಂಟಂ ಇರಲಿಲ್ಲ, ಜೀಪುಗಳಿದ್ದವು. ಗೋಗಿಯಿಂದ ಶಹಾಪುರಕ್ಕೆ ಬಂದಿಳಿದ ಅಮೀನಸಾಬ ಮಗಳ ಕೈ ಹಿಡಿದು ಸ್ಟ್ಯಾಂಡಿಗೆ ಹೋಗಿ ಆ ಒಂದು ಮಾತು ಹೇಳಿದ. ಮನೆಯೊಳಗೆ ಅವರು ಆಡುವುದು ದಖನಿ ಉರ್ದು. ಆದರೆ ಈ ಮಾತನ್ನು ಮಾತ್ರ ಕನ್ನಡದಲ್ಲೇ ಅನ್ನುತ್ತಿದ್ದರು, ಮಣ್ಣಿಗೆ ಅಂತ. ಜೀಪು ಅವರಿಬ್ಬರನ್ನೇ ಕರೆದುಕೊಂಡು ಸುರಪುರದ ತನಕ ಹೋಯಿತು. ಉದ್ದನೆಯ ಸೀಟು ಪೂರ್ತಿ ತನ್ನದೇ ಎಂದು ಹುಡುಗಿ ಕೈಕಾಲು ಚಾಚಿ ಮಲಗಿದಳು. ಅಪ್ಪ ಬೈಯಲಿಲ್ಲ. ಅಜ್ಜಿ ಸತ್ತ ದಿನ ಅಷ್ಟು ಖುಷಿಪಟ್ಟೆನಲ್ಲ ಎಂದು ದೊಡ್ಡವಳಾದ ಮೇಲೆ ಅವಳಿಗೆ ನಾಚಿಕೆಯಾಗುತ್ತಿತ್ತು.

ಹುಡುಗಿ ಓದಿದಳು. ಕಲಬುರಗಿಯಲ್ಲಿ ಗಣಿತ ಓದಿ, ಶಹಾಪುರದ ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದಳು. ಎಷ್ಟೋ ವರ್ಷವಾದರೂ ಕಾಲೇಜು ಅವಳನ್ನು ಅತಿಥಿ ಎಂದೇ ಕರೆಯಿತು, ಸಂಬಳದಲ್ಲೂ ಅತಿಥಿಯನ್ನು ನೋಡಿದ ಹಾಗೇ ನೋಡಿತು. ಶಹಾಪುರದಲ್ಲೇ ಒಂದು ರೂಮು ಮಾಡಿಕೊಂಡಿದ್ದಳು. ಶನಿವಾರ ಮಧ್ಯಾಹ್ನ ಟಂಟಂ ಹತ್ತಿ ಗೋಗಿಗೆ ಹೋಗುವಳು, ಸೋಮವಾರ ಬೆಳಿಗ್ಗೆ ವಾಪಸು.

ಪಾಠದಲ್ಲಿ ಅವಳಿಗೆ ಪ್ರೀತಿ ಇದ್ದದ್ದು ಒಂದೇ ವಿಷಯ. ಎಲ್ಲಿ ಸಣ್ಣ ಫರಕು ಬೆಳೆಯುತ್ತ ಹೋಗಿ ದೊಡ್ಡ ಗೊಂದಲವಾಗುತ್ತದೆ, ಎಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಒಂದು ಶಿಸ್ತು ತಾನೇ ಹುಟ್ಟುತ್ತದೆ, ಅದರ ಗಣಿತ. ಚಳಿಗಾಲದಲ್ಲಿ ಜೋಳದ ಹೊಲಗಳ ಮೇಲೆ ಏಳುವ ಹಕ್ಕಿಗಳ ದಂಡನ್ನೇ ಕ್ಲಾಸಿನಲ್ಲಿ ಉದಾಹರಣೆ ಕೊಡುತ್ತಿದ್ದಳು. "ಸಾವಿರಾರು ಹಕ್ಕಿ ಒಮ್ಮೆಲೆ ತಿರಗತಾವ. ಅವುಕ್ಕ ಮ್ಯಾನೇಜರ್ ಯಾರದಾನ? ಯಾರೂ ಇಲ್ಲ. ಒಂದೊಂದು ಹಕ್ಕಿ ತನ್ನ ಆಜೂಬಾಜು ಇರೋ ನಾಕಾರು ಹಕ್ಕಿ ನೋಡತದ, ಅಷ್ಟ." ಬೆಂಚಿನಿಂದ ಯಾವನೋ ಒಬ್ಬ ಪ್ರತಿ ವರ್ಷವೂ ತಪ್ಪದೆ ಕೇಳುತ್ತಿದ್ದ. "ಮೇಡಮ್, ಇಲ್ಲಿ ಚಿಟ್ಟಿ ರೆಕ್ಕಿ ಬಡದ್ರ ಎಲ್ಲ್ಯೋ ಬಿರುಗಾಳಿ ಬರತದಂತಲ್ರಿ, ಖರೇ ಏನ್ರಿ?" ಅವಳೂ ತಪ್ಪದೆ ಅದೇ ಉತ್ತರ ಕೊಡುತ್ತಿದ್ದಳು. "ಬರಬಹುದು. ಆದ್ರ ಚಿಟ್ಟಿ ಮ್ಯಾಲ ಕೇಸ್ ಹಾಕಾಕ ಬರಂಗಿಲ್ಲ. ಯಾವ ಚಿಟ್ಟಿ ಅಂತ ಯಾರಿಗೂ ಗೊತ್ತಾಗಂಗಿಲ್ಲ." ಕ್ಲಾಸು ನಗುತ್ತಿತ್ತು.

ಹೀಗೆ ಪಾಠ ಮಾಡುವವಳ ಕಣ್ಣಿಗೆ ಆ ಸ್ಟ್ಯಾಂಡು ಬೀಳದೆ ಇರುತ್ತದೆಯೇ? ಮಣ್ಣಿನ ರೂಢಿಯ ಬಗ್ಗೆಯೇ ಒಂದು ಪ್ರಬಂಧ ಬರೆಯಲು ಹೊರಟಳು. ಆಗ ಸ್ಟ್ಯಾಂಡಿನಲ್ಲಿ ಗಾಡಿಗಳ ಸರದಿ ನಂಬರು ಕೂಗುತ್ತಿದ್ದವನು ವಿಶ್ವರಾಧ್ಯ. ಮೊದಲು ಜೀಪು ಹೊಡೆಯುತ್ತಿದ್ದವನು, ಕಣ್ಣು ಮಂದವಾದ ಮೇಲೆ ಹೆಗಲಿಗೊಂದು ಟವೆಲ್ಲು ಹಾಕಿಕೊಂಡು ಸ್ಟ್ಯಾಂಡಿನಲ್ಲೇ ಉಳಿದವನು. ತನ್ನನ್ನು ಹುಡುಕಿಕೊಂಡು ಕಾಲೇಜಿನ ಮೇಡಮ್ಮು ಬರುತ್ತಾಳೆ ಎಂದು ಅವನಿಗೆ ಒಳಗೊಳಗೇ ಹಿಗ್ಗು. "ನಮ್ಮ ಸ್ಟ್ಯಾಂಡಿನ್ಯಾಗ ಗಣಿತ ಅದ ಅಂತೀರೇನ್ರಿ? ನಮಗ ಇಲ್ಲಿ ಬರೇ ಧೂಳ ಕಾಣತದ ನೋಡ್ರಿ" ಎಂದು ನಗುತ್ತ ಚಹಾ ತರಿಸುತ್ತಿದ್ದ.

ಆಗ ಒಬ್ಬ ಸುಳ್ಳು ಹೇಳಿದ. ಮಣ್ಣಿಗೆ ಎಂದು ಹೇಳಿ ಬಸುವಿನ ಗಾಡಿ ಬಿಡಿಸಿಕೊಂಡು ಹೋದ ಹುಡುಗ, ಸಂಜೆ ಅದೇ ಊರಿನಲ್ಲಿ ಗೆಳೆಯನ ನಿಶ್ಚಿತಾರ್ಥದ ಪಂಕ್ತಿಯಲ್ಲಿ ಕೂತು ಹೋಳಿಗೆ ತುಪ್ಪ ಹೊಡೆಯುತ್ತಿದ್ದುದನ್ನು ಬಸು ಕಣ್ಣಾರೆ ಕಂಡ. ಸ್ಟ್ಯಾಂಡಿಗೆ ಸ್ಟ್ಯಾಂಡೇ ಕೆರಳಿತು. ಇಷ್ಟು ವರ್ಷ ಯಾರಿಗೂ ಹೊಳೆಯದ ಸುಳ್ಳು ಅದು. ಶನಿವಾರ ನುಜ್ಹತ ಬಂದಾಗ ವಿಶ್ವರಾಧ್ಯ ಅವಳನ್ನು ಪಕ್ಕಕ್ಕೆ ಕರೆದ.

"ನೀವು ಇದನ್ನೇ ಓದಾಕತ್ತೀರಿ. ಏನು ಮಾಡ್ಬೇಕು ಹೇಳ್ರಿ ಮೇಡಮ್. ಹುಡುಗ್ರು ಸುಮ್ಮನ ಕೂಡವಲ್ರು."

ಅವಳು ಯೋಚಿಸಿದಳು. ಬಹಳ ಹೊತ್ತೇನೂ ಅಲ್ಲ. ದೊಡ್ಡ ಬದಲಾವಣೆ ಮಾಡಿದರೆ ವ್ಯವಸ್ಥೆ ಕೆಡುತ್ತದೆ, ಸಣ್ಣದೊಂದು ತಿದ್ದುಪಡಿ ಸಾಕು ಅನ್ನಿಸಿತು. "ಏನೂ ಬ್ಯಾಡ ಕಾಕಾ. ಸತ್ತವರ ಹೆಸರು, ಊರು, ಅಷ್ಟ ಕೇಳ್ರಿ. ಸುಳ್ಳು ಹೇಳೋರು ತಡವರಸತಾರ."

ವಿಶ್ವರಾಧ್ಯ ಟವೆಲ್ಲಿನ ತುದಿ ಹಿಡಿದುಕೊಂಡ. "ಹೆಸರು ಕೇಳೋದಾ?"

"ಒಂದ ಮಾತಲ್ರಿ."

ಒಂದೇ ಮಾತು, ಹೌದು. ಮೊದಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಆದದ್ದು ಅವಳ ಯಾವ ಲೆಕ್ಕದಲ್ಲೂ ಇರಲಿಲ್ಲ. ತಡವರಿಸಿದವರು ಸುಳ್ಳು ಹೇಳುವವರಲ್ಲ. ಅವರು ದಾರಿಯುದ್ದಕ್ಕೂ ಹೆಸರು, ಊರು, ಸಂಬಂಧ ಎಲ್ಲ ಜೋಡಿಸಿಕೊಂಡು ಬಂದು ಗಿಣಿಯ ಹಾಗೆ ಒಪ್ಪಿಸುತ್ತಿದ್ದರು. ಬಾಯಿ ಕಟ್ಟುತ್ತಿದ್ದದ್ದು ನಿಜವಾಗಿ ಕಳೆದುಕೊಂಡವರಿಗೆ. ಲಾಲಮ್ಮ ಎಂಬ ಹೆಂಗಸು ಬಂದು ಮಣ್ಣಿಗೆ ಎಂದಳು. ಯಾರು ಎಂದು ಕೇಳಿದ್ದಕ್ಕೆ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ನಾಟಕ ಎಂದ ಒಬ್ಬ ಡ್ರೈವರು. ಅವಳು ಅಲ್ಲೇ ಧೂಳಿನಲ್ಲಿ ಕೂತುಬಿಟ್ಟಳು. ಸತ್ತದ್ದು ಅವಳ ಮಗ ಎಂದು ಸ್ಟ್ಯಾಂಡಿಗೆ ಗೊತ್ತಾದದ್ದು ಸಂಜೆ. ಮರುದಿನ ಅವಳ ಕಡೆಯವರು ಬಂದು ವಿಶ್ವರಾಧ್ಯನ ಟವೆಲ್ಲು ಹಿಡಿದೆಳೆದರು.

ಅತ್ತ ಸುಳ್ಳು ಕಡಿಮೆಯೂ ಆಗಲಿಲ್ಲ. ಬರೀ ನಂಬಿಕೆ ಇದ್ದಾಗ ಮುರಿಯಲು ಅಂಜುತ್ತಿದ್ದ ಜನಕ್ಕೆ ಈಗ ಪ್ರಶ್ನೆಯೊಂದು ಸಿಕ್ಕಿತ್ತು. ಪ್ರಶ್ನೆಗೆ ಉತ್ತರ ಕೊಟ್ಟರೆ ಗಾಡಿ, ಅಷ್ಟೇ. ಖಾಲಿ ಗಾಡಿ ಓಡಿಸಿ ಸಾಕಾದ ಡ್ರೈವರನೊಬ್ಬ "ನಾ ತುಂಬಿದ ಮ್ಯಾಲೇ ಬಿಡಾವ" ಎಂದ. ಅವನನ್ನು ನೋಡಿ ಪಕ್ಕದವನು, ಅವನ ಪಕ್ಕದವನನ್ನು ನೋಡಿ ಇನ್ನೊಬ್ಬ. ಹಕ್ಕಿಗಳ ದಂಡು ತಿರುಗಿದ ಹಾಗೆ ಇಡೀ ಸ್ಟ್ಯಾಂಡು ತಿರುಗಿತು. ಆಣೆಕಟ್ಟಿನ ಪಕ್ಕದ ಹತ್ತಿಕುಣಿಯಲ್ಲಿ ಮಗಳ ಮನೆಯಿದೆ, ಅಲ್ಲಿರುತ್ತೇನೆ ಎಂದು ವಿಶ್ವರಾಧ್ಯ ಹೊರಟು ನಿಂತ. ಹೋಗುವಾಗ ಅವಳಿಗೆ ಹೇಳಿದ. "ನಿಮ್ಮದೇನ್ ತಪ್ಪಿಲ್ರಿ ಮೇಡಮ್. ಕೇಳಿದಾವ ನಾನು." ಅವನ ಹೆಗಲ ಮೇಲೆ ಟವೆಲ್ಲು ಇರಲಿಲ್ಲ.

ನುಜ್ಹತ ಏನು ಮಾಡಿದಳು? ಪ್ರಬಂಧಕ್ಕೆ ಇನ್ನೊಂದು ಅಧ್ಯಾಯ ಸೇರಿಸಿದಳು. ಯಾದಗಿರಿಯಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ಅದನ್ನು ಓದಿದಳು. ಪರದೆಯ ಮೇಲೆ ಗೆರೆಯೊಂದು ನೆಟ್ಟಗೆ ಸಾಗಿ ಸಾಗಿ ಒಮ್ಮೆಗೇ ಕೆಳಗೆ ಬೀಳುವುದನ್ನು ಕೋಲಿನಿಂದ ತೋರಿಸಿದಳು. ಆ ಗೆರೆ ಬಿದ್ದ ಜಾಗದಲ್ಲಿ ಲಾಲಮ್ಮ ಕೂತಿದ್ದಳು, ಆದರೆ ಪರದೆಯ ಮೇಲೆ ಅದು ಕಾಣುವುದಿಲ್ಲ. ಅಪರೂಪದ ಉದಾಹರಣೆ ಎಂದರು ದೊಡ್ಡವರು. ಚಪ್ಪಾಳೆ ಆಯಿತು, ಶಾಲು ಆಯಿತು, ಉಪ್ಪಿಟ್ಟು ಆಯಿತು. ಅವಳಿಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಬೇಕು.

ಆ ಶನಿವಾರ ಅಪ್ಪನಿಗೆ ಎಲ್ಲ ಹೇಳಿದಳು. ಅಮೀನಸಾಬ ಹೊಲಿಗೆ ಮೆಷಿನ್ ರಿಪೇರಿ ಮಾಡುವವನು. ಯಾರದೋ ಮೆಷಿನ್ ಬಿಚ್ಚಿಟ್ಟುಕೊಂಡು ಕೂತಿದ್ದವನು ಶಾಲು ಮುಟ್ಟಿ ನೋಡಿ, ಚೆನ್ನಾಗಿದೆ ಎಂದು ತಲೆಯಾಡಿಸಿದ. ಆಮೇಲೆ ಕೇಳಿದ. "ಹಂಗಾರ ಈಗ ಮಣ್ಣಿಗೆ ಹೋಗೋರು ಹೆಂಗ ಹೋಗತಾರ ಬೇಟಿ?"

"ತುಂಬಿದ ಮ್ಯಾಲ ಹೋಗತಾರ ಅಬ್ಬಾ."

ಅವನು ಮೆಷಿನ್ನಿಗೆ ಎರಡು ಹನಿ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದ.

ಇವತ್ತು ಅವಳು ಸ್ಟ್ಯಾಂಡಿಗೆ ಬಂದಾಗ ಅಲ್ಲಿ ನಂಬರು ಕೂಗುವವನು ಶರಣಕುಮಾರ ಎಂಬ ಹೊಸಬ. ಕಿವಿಗೆ ವೈರು ಸಿಕ್ಕಿಸಿಕೊಂಡು ಫೋನು ನೋಡುತ್ತಿದ್ದ. ಅವನಿಗೆ ಇವಳು ಗೊತ್ತಿಲ್ಲ. ರೂಢಿ ಸತ್ತದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಅದರ ಮೇಲೆ ಶಾಲು ಹೊದ್ದುಕೊಂಡವಳು ಅವಳೇ. ಆದರೂ ಬಾಯಿಂದ ಅದೇ ಮಾತು ಬಂತು. "ಮಣ್ಣಿಗೆ ಹೋಗಬೇಕ್ರಿ."

ಶರಣಕುಮಾರ ತಲೆ ಎತ್ತಲಿಲ್ಲ. "ಯಾರ್ ತೀರ್ಯಾರ? ಹೆಸರು? ಊರು?"

ರೂಢಿ ಹೋಗಿತ್ತು, ಪ್ರಶ್ನೆ ಮಾತ್ರ ಉಳಿದುಕೊಂಡಿತ್ತು. ಬಸು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿ ಅವಳ ಕಡೆ ನೋಡಿದ. ಮನಸ್ಸಿಗೆ ಬಂದರೆ ಅವನು ಈಗಲೂ ಗಾಡಿ ಬಿಡುವವನೇ. ಅವಳು ಬಾಯಿ ತೆರೆದಳು. ಎರಡು ಶಬ್ದ, ಅಷ್ಟೇ. ಹುಟ್ಟಿದಂದಿನಿಂದ ತನ್ನ ಹೆಸರಿನ ಪಕ್ಕದಲ್ಲೇ ಬರೆಯುತ್ತ ಬಂದ ಹೆಸರು, ತಾನು ಹುಟ್ಟಿದ ಊರು. ಆದರೆ ಆ ಹೆಸರನ್ನು ಸತ್ತವರ ಹೆಸರು ಎಂದು ಅವಳು ಇನ್ನೂ ಯಾರ ಮುಂದೆಯೂ ಹೇಳಿರಲಿಲ್ಲ. ಬಾಯಿ ಮುಚ್ಚಿದಳು. ಮತ್ತೆ ತೆರೆದಳು. ಲಾಲಮ್ಮ ಹೀಗೇ ನಿಂತಿದ್ದಳು ಎಂದು ನೆನಪಾಯಿತು. ನೆನಪಾದರೂ ಮಾತು ಹೊರಡಲಿಲ್ಲ.

"ಇಂಥಾವ್ರನ್ನ ಭಾಳ ನೋಡೀವಿ" ಎಂದ ಶರಣಕುಮಾರ. ಸಿಟ್ಟಿನಿಂದೇನೂ ಅಲ್ಲ. "ಕೂಡ್ರಿ ಅಕ್ಕಾ. ತುಂಬಲಿ."

ಬಸು ಎಲೆ ಮಡಚಿ ಬಾಯಿಗಿಟ್ಟುಕೊಂಡ. ಅವಳು ಹತ್ತಿ ಕೂತಳು.

ಪಂಪಿನ ಸಾಮಾನು ಹಿಡಿದ ಒಬ್ಬ ಬಂದ. ಬಹಳ ಹೊತ್ತಿನ ಮೇಲೆ ಗಂಡ ಹೆಂಡತಿ ಇಬ್ಬರು ಬಂದರು. ಬಂದವರನ್ನೆಲ್ಲ ನುಜ್ಹತ ನೋಡಿದಳು. ಅವರು ಬಂದದ್ದು ಒಳ್ಳೆಯದಾಯಿತು ಎಂದೂ ಅನ್ನಿಸಲಿಲ್ಲ, ಇನ್ನೂ ಜನ ಬೇಕು ಎಂದು ತಳಮಳವೂ ಆಗಲಿಲ್ಲ. ಹರಿದ ಸ್ಪಂಜಿನ ಗುಂಡಿಯ ಮೇಲೆ ಒಬ್ಬರು ಕೂತರು, ಅದು ಕಾಣದಾಯಿತು. ಬಾಲಮ್ಮ ಅವಳ ಮುಖವನ್ನೇ ನೋಡಿ ಕೇಳಿದಳು. "ಯಾಕವ್ವಾ, ಮಾರಿ ಹಿಂಗ್ಯಾಕ ಆಗ್ಯಾದ? ಉಂಡಿಲ್ಲೇನ್?"

"ಉಂಡೀನಿ ಅಮ್ಮಾ."

ಪೇಟೆಯ ಮಸೀದಿಯಿಂದ ಮಧ್ಯಾಹ್ನದ ಅಜಾನ್ ಕೇಳಿಸಿತು. ಇನ್ನೂ ಒಂದು ಸೀಟು ಖಾಲಿ ಇತ್ತು. ನುಜ್ಹತ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಆ ಒಂದು ಸೀಟು ತುಂಬುವ ತನಕ ಬಸು ಚಾವಿ ತಿರುಗಿಸಲಿಲ್ಲ.

ದಾರಿಯಲ್ಲಿ ಕೈ ಮಾಡಿದವರ ಮುಂದೆಲ್ಲ ಗಾಡಿ ನಿಂತಿತು. ಒಬ್ಬರು ಇಳಿದರು, ಇಬ್ಬರು ಹತ್ತಿದರು. ಜೋಳದ ಹೊಲವೊಂದರಲ್ಲಿ ಯಾರೋ ತಗಡು ಬಡಿದದ್ದಕ್ಕೆ ಹಕ್ಕಿಗಳ ದಂಡು ಭರ್ರನೆ ಎದ್ದಿತು. ಬಾಲಮ್ಮ ಅವುಗಳಿಗೆ ಒಂದು ಬೈಗುಳ ಕೊಟ್ಟಳು. ದಂಡು ಬಯಲಿನ ಮೇಲೆ ಒಂದು ಸುತ್ತು ಹಾಕಿ ಪಟಕ್ಕನೆ ತಿರುಗಿತು. ಮೊದಲು ತಿರುಗಿದ ಹಕ್ಕಿ ಯಾವುದು ಎಂದು ನುಜ್ಹತ ಯಾವತ್ತೂ ಹುಡುಕಿದವಳಲ್ಲ. ಹುಡುಕಬಾರದು ಎಂದೇ ಪಾಠ ಮಾಡುತ್ತಿದ್ದವಳು. ಇವತ್ತು ಕತ್ತು ಹೊರಗೆ ಹಾಕಿ ಕಣ್ಣು ನೋಯುವ ತನಕ ಹುಡುಕಿದಳು. ಗಾಡಿ ಮುಂದೆ ಹೋಯಿತು.

ಊರಿನ ತಿರುವಿನಲ್ಲಿ ಇಳಿದಾಗ ಅವಳಿಗೆ ಒಂದು ವಿಷಯ ಹೊಳೆಯಿತು. ಎಲ್ಲ ಸೀಟಿನ ಬಾಡಿಗೆ ತಾನೇ ಕೊಟ್ಟು ಗಾಡಿ ಸ್ಪೆಷಲ್ ಮಾಡಿಕೊಂಡು ಬರಬಹುದಿತ್ತು. ಪರ್ಸಿನಲ್ಲಿ ದುಡ್ಡಿತ್ತು. ಅಷ್ಟು ಹೊತ್ತು ಕೂತಿದ್ದರೂ ಅದು ನೆನಪಾಗಿರಲಿಲ್ಲ. ಬ್ಯಾಗಿನಿಂದ ಫೋನು ತೆಗೆದು ನೋಡಿದಳು. ಕ್ಲಾಸಿಗೆಂದು ಸೈಲೆಂಟ್ ಮಾಡಿದ್ದು ಹಾಗೇ ಇತ್ತು. ಇನಾಯತನ ಕಾಲ್‌ಗಳು ಸಾಲಾಗಿ ಬಂದು ನಿಂತಿದ್ದವು.

ಅಂಗಳದಲ್ಲಿ ಗಂಡಸರು ಯಾರೂ ಇರಲಿಲ್ಲ. ಮೈ ತೊಳೆಸಿದ ನೀರು ಗೋಡೆಯ ಬುಡದಲ್ಲಿ ಹರಿದು ಮಣ್ಣು ಇನ್ನೂ ಹಸಿಯಾಗಿತ್ತು. ಲೋಬಾನದ ವಾಸನೆ ಇತ್ತು. ತಮ್ಮನ ಹೆಂಡತಿ ಉಮೆಸಲ್ಮಾ ಎದುರಿಗೆ ಬಂದು ಅವಳ ಬ್ಯಾಗು ಇಸಿದುಕೊಂಡಳು. "ತಡದ್ರು ಆಪಾ. ಭಾಳ ಹೊತ್ತು ತಡದ್ರು. ಈಗ, ಈಗ ಎತ್ತಿದ್ರು."

ಒಳಗೆ ಹೆಂಗಸರ ನಡುವೆ ಗೋಡೆಗೆ ಒರಗಿ ತಾಯಿ ಜೈತುನಬೀ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಮಗಳನ್ನು ಪಕ್ಕಕ್ಕೆ ಎಳೆದು ಕೂಡಿಸಿಕೊಂಡು ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಯಾಕ ತಡ ಆತು ಬೇಟಿ?"

"ಟಂಟಂ ತುಂಬಲಿಲ್ಲ ಅಮ್ಮಾ."

ಜೈತುನಬೀಗೆ ಅರ್ಥವಾಗಲಿಲ್ಲ. ಅವಳು ಗೋಗಿ ಬಿಟ್ಟು ಹೊರಗೆ ಹೋಗಿ ವರ್ಷಗಳಾಗಿದ್ದವು. ದುಃಖಕ್ಕೆ ಮಗಳ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು. "ತುಂಬೋದ್ಯಾಕ ಬೇಕಿತ್ತು? ಮಣ್ಣಿಗೆ ಅಂತ ಹೇಳಲಿಲ್ಲೇನು?"

"ಹೇಳಿದ್ನಿ."

"ಮತ್ತ?"

"ಯಾರು ಅಂತ ಕೇಳಿದ್ರು."

ತಾಯಿ ಅವಳ ಕೈ ಬಿಟ್ಟಳು. ಆ ಮನೆಯಲ್ಲಿ ಅವತ್ತು ಮೊದಲ ಸಲ ಸಿಟ್ಟಿನ ದನಿ ಕೇಳಿತು. "ಮಣ್ಣಿಗೆ ಹೊಂಟವರನ್ನ ಯಾರು ಅಂತ ಕೇಳತಾರೇನು? ಅಂಥಾದ್ದನ್ನ ಯಾರ್ ಕಲಿಸಿದ್ರು ಅವರಿಗೆ?"

ನುಜ್ಹತ ಬಾಗಿಲಿನಿಂದಾಚೆಗೆ ನೋಡಿದಳು. ಅಂಗಳದ ಹಸಿ ಮಣ್ಣು ಬಿಸಿಲಿಗೆ ಅಂಚಿನಿಂದ ಒಣಗುತ್ತ ಬಂದಿತ್ತು. ಬಾಯಿ ತೆರೆದಳು. ಈ ಸಲ ಮಾತು ತಾನಾಗಿಯೇ ಬಂತು.

"ಅಮೀನಸಾಬ" ಎಂದಳು. "ಗೋಗಿ."

ಯಾರೂ ಕೇಳದಿದ್ದರೂ ಮತ್ತೊಮ್ಮೆ ಹೇಳಿದಳು.